ನೀರು ಸಾಕು ಅಂತಿದ್ದ ನಾನು ನಿಂಬೆ ಉಪ್ಪಿಗೆ ಬಂದದ್ದು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ವಿಷಯ ಇರಲಿಲ್ಲ ಅಂತಲ್ಲ, ಇದ್ದ ವಿಷಯ ಬರೆಯೋಕೆ ಸ್ವಲ್ಪ ನಾಚಿಕೆ ಆಗ್ತಿತ್ತು. ಯಾಕಂದ್ರೆ ಹತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದ ಒಂದು ಮಾತನ್ನ ಈಗ ವಾಪಸ್ ತಗೋಬೇಕಾಗಿದೆ. ಮಾತು ಸಣ್ಣದೇ. "ಫಿಲ್ಮ್ ಡೆವಲಪ್ ಮಾಡುವಾಗ ಸ್ಟಾಪ್ ಬಾತಿಗೆ ಆಸಿಡ್ ಗೀಸಿಡ್ ಏನೂ ಬೇಡ, ನೀರು ಸಾಕು."

ಈ ಕಸುಬು ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಕಪ್ಪು-ಬಿಳುಪು ಫಿಲ್ಮನ್ನ ಕತ್ತಲಲ್ಲಿ ರೀಲಿಗೆ ಸುತ್ತಿ, ಬೆಳಕು ಹೋಗದ ಮುಚ್ಚಳದ ಡಬ್ಬಿಗೆ (ಟ್ಯಾಂಕ್ ಅಂತೀವಿ) ಹಾಕಿ, ಮೊದಲು ಡೆವಲಪರ್ ಹೊಯ್ಯಬೇಕು. ಬೆಳಕು ಬಿದ್ದ ಜಾಗದ ಬೆಳ್ಳಿ ಲವಣವನ್ನ ಅದು ಕಪ್ಪು ಬೆಳ್ಳಿಯಾಗಿ ಮಾಡುತ್ತೆ. ಹೇಳಿದಷ್ಟು ನಿಮಿಷ ಆದ್ಮೇಲೆ ಅದನ್ನ ಚೆಲ್ಲಬೇಕು. ಕೊನೆಗೆ ಫಿಕ್ಸರ್, ಹಳಬರ ಬಾಯಲ್ಲಿ ಹೈಪೋ. ಅದು ಉಳಿದ ಲವಣವನ್ನ ಕರಗಿಸಿ ತೆಗೆಯುತ್ತೆ, ಆಮೇಲೆ ಫಿಲ್ಮು ಬೆಳಕಿಗೆ ಹೆದರಬೇಕಿಲ್ಲ. ಇವೆರಡರ ನಡುವಿನದೇ ಸ್ಟಾಪ್ ಬಾತ್. ಹತ್ತು ಸೆಕೆಂಡಿಂದ ಅರ್ಧ ನಿಮಿಷದ ಕೆಲಸ. ಡೆವಲಪರ್ ಚೆಲ್ಲಿದ ಮಾತ್ರಕ್ಕೆ ಅದರ ಕೆಲಸ ನಿಲ್ಲೋದಿಲ್ಲ, ಫಿಲ್ಮಿನ ಮೇಲಿನ ಜಿಲೆಟಿನ್ ಪದರ ಅದನ್ನ ಸ್ಪಂಜಿನ ಹಾಗೆ ಹೀರ್ಕೊಂಡಿರುತ್ತೆ. ಡೆವಲಪರಿಗೆ ಬದುಕೋಕೆ ಕ್ಷಾರ ಬೇಕು. ಹುಳಿ ತಾಗಿದ ತಕ್ಷಣ ಅದು ಸುಸ್ತು. ನೀರು ಹಾಕಿದ್ರೆ ಹಾಗಲ್ಲ. ತೆಳ್ಳಗಾಗ್ತಾ, ತೊಳೆದು ಹೋಗ್ತಾ, ನಿಧಾನಕ್ಕೆ ನಿಲ್ಲುತ್ತೆ. ಇಷ್ಟೇ ವ್ಯತ್ಯಾಸ. ಇದರ ಮೇಲೆ ಜಗತ್ತಿನ ಫಿಲ್ಮ್ ಮಂದಿ ಎರಡು ಪಂಗಡ ಆಗಿದ್ದಾರೆ, ನಮ್ಮಲ್ಲಿ ಸಾರಿಗೆ ಬೆಲ್ಲ ಹಾಕ್ಬೇಕೋ ಬೇಡ್ವೋ ಅನ್ನೋ ಹಾಗೆ :-)

ನಾನು ನೀರಿನ ಪಂಗಡಕ್ಕೆ ಸೇರಿದ್ದು ಓದಿ ಅಲ್ಲ, ನೋಡಿ. ನಮ್ಮೂರು ಸುಳ್ಯದ ಕಡೆ. ನಾನು ಹೈಸ್ಕೂಲಿಗೆ ಹೋಗುವಾಗ ಪೇಟೆಯಲ್ಲಿ ಒಂದು ಸ್ಟುಡಿಯೋ ಇತ್ತು, ನಡೆಸ್ತಿದ್ದವರನ್ನ ನಾವೆಲ್ಲ ಸ್ಟುಡಿಯೋ ಅಣ್ಣ ಅಂತಲೇ ಕರೀತಿದ್ದದ್ದು. ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ, ಒಂದು ಕೆಂಪು ಬಲ್ಬು, ಮೂರು ಟ್ರೇ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಹೆಸರಿನ ಡಬ್ಬಗಳು ಒಂದರ ಮೇಲೊಂದು ಪೇರಿಸಿ ಇರ್ತಿದ್ವು. ಪ್ರಿಂಟು ಹಾಕುವಾಗ ಮಧ್ಯದ ಟ್ರೇಯಲ್ಲಿ ಅಸಿಟಿಕ್ ಆಸಿಡ್ ಬೆರೆಸಿದ ನೀರು, ಆ ವಾಸನೆಗೆ ಕಣ್ಣಲ್ಲಿ ನೀರು ಬರೋದು. ಆದ್ರೆ ಫಿಲ್ಮಿಗೆ ಮಾತ್ರ ಬರೀ ನೀರು. "ಪ್ರಿಂಟಿಗೆ ಹುಳಿ ಬೇಕು ಮಾರಾಯ, ಫಿಲ್ಮಿಗೆ ನೀರೇ ಸಾಕು. ಸಮಾ ಜಾಲಾಡಿಸು, ಎರಡು ಸಲ." ನಾನು ಅಲ್ಲಿ ಕೆಲಸಕ್ಕೆ ಅಂತ ಇದ್ದವನಲ್ಲ, ಶಾಲೆ ಬಿಟ್ಟ ಮೇಲೆ ಹೋಗಿ ನಿಲ್ತಿದ್ದೆ ಅಷ್ಟೇ. ನನಗೆ ಸಿಗ್ತಿದ್ದ ಕೆಲಸ ಅಂದ್ರೆ ಹಿಂದಿನ ಬಾವಿಯಿಂದ ನೀರು ಸೇದಿ ತರೋದು.

ಮುಂದೆ ಕಲರ್ ಲ್ಯಾಬುಗಳು ಬಂದು ಆ ಕೋಣೆ ಜೆರಾಕ್ಸ್ ಅಂಗಡಿ ಆಯ್ತು. ನಾನು ಬೆಂಗಳೂರಿಗೆ ಬಂದು ಎಲ್ಲರ ಹಾಗೆ ಡಿಜಿಟಲ್ ಕ್ಯಾಮೆರಾ ಕೊಂಡು, ಎಲ್ಲರ ಹಾಗೆ ಅದನ್ನ ಮೂಲೆಗೆ ಎಸೆದು, ಹತ್ತು ವರ್ಷದ ಹಿಂದೆ ಒಂದು ಹಳೇ ಫಿಲ್ಮ್ ಕ್ಯಾಮೆರಾ ತಂದೆ. ಬಚ್ಚಲುಮನೆಯೇ ಡಾರ್ಕ್ ರೂಂ. ಇಲ್ಫರ್ಡ್ ಹೆಚ್.ಪಿ.5 ಫಿಲ್ಮು, ಡಿ-76 ಡೆವಲಪರಿಗೆ ಅಷ್ಟೇ ನೀರು ಬೆರೆಸಿ, 20 ಡಿಗ್ರಿಗೆ 11 ನಿಮಿಷ. ಆಮೇಲೆ ಮೂರು ಸಲ ನೀರು. ಆಮೇಲೆ ಫಿಕ್ಸರ್. ಒಂದು ಫಿಲ್ಮೂ ಕೆಡಲಿಲ್ಲ. ಕೆಡದೇ ಇದ್ದದ್ದಕ್ಕೆ ನನ್ನ ವಾದ ಸರಿ ಅಂತ ನಾನೇ ತೀರ್ಮಾನಿಸಿಬಿಟ್ಟೆ.

ವಾದಕ್ಕೇನು ಕಮ್ಮಿ ಇರಲಿಲ್ಲ. ಡೆವಲಪರಲ್ಲಿ ಕಾರ್ಬೊನೇಟ್ ಇದ್ದು ಹುಳಿ ತಾಗಿದ್ರೆ ಜಿಲೆಟಿನ್ ಒಳಗೇ ಇಂಗಾಲದ ಡೈಆಕ್ಸೈಡ್ ಗುಳ್ಳೆ ಎದ್ದು ಫಿಲ್ಮಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತೆ ಅಂತಿದ್ದೆ. ಚರಂಡಿಗೆ ಹೋಗೋ ರಾಸಾಯನಿಕ ಒಂದು ಕಡಿಮೆ ಆಯ್ತಲ್ಲ ಅಂತಿದ್ದೆ. ವಾಸನೆ ಇಲ್ಲ ಅಂತಿದ್ದೆ. (ಒಮ್ಮೆ ವಿನೆಗರ್ ಹಾಕಿ ನೋಡಿದಾಗ ನನ್ನಾಕೆ "ಬಚ್ಚಲಲ್ಲಿ ಗೋಬಿ ಮಂಚೂರಿ ಮಾಡ್ತಿದೀರಾ?" ಅಂತ ಕೇಳಿದ್ದಳು.) ಇನ್ನೊಂದು, 2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ಡಿನ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿದ ಮೇಲೆ ಅಂಗಡಿಯಲ್ಲಿ "ಅಸಿಟಿಕ್ ಆಸಿಡ್ ಇದ್ಯಾ?" ಅಂತ ಕೇಳಿದ್ರೆ ನಮ್ಮನ್ನ ಅಡಿಯಿಂದ ಮುಡಿವರೆಗೆ ನೋಡ್ತಾರೆ. ನೋಡಬೇಕಾದ್ದೇ, ಅದರಲ್ಲಿ ತಪ್ಪೇನಿಲ್ಲ. ನನಗೆ ಮಾತ್ರ ಅದೊಂದು ನೆಪ ಆಯ್ತು.

ಈಗ ನಾಚಿಕೆಯ ಭಾಗ.

2024ರ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮ ಹಳೇ ಮನೆ ಕೆಡವೋದು ಅಂತ ಆಗಿತ್ತು. ಗೆದ್ದಲು ತಿಂದ ಜಂತಿ, ಸೋರೋ ಹಂಚು, ರಿಪೇರಿಗೆ ಹೊಸ ಮನೆಯಷ್ಟೇ ಖರ್ಚು... ನಾನೇನೂ ಅಡ್ಡಿ ಮಾಡಲಿಲ್ಲ, ಮಾಡೋ ಹಕ್ಕೂ ಇರಲಿಲ್ಲ, ಅಲ್ಲಿ ಇರೋರು ಅವರು. ಒಂದು ರೋಲು ಫಿಲ್ಮು ಪೂರ್ತಿ ಆ ಮನೆಗೇ ಇಟ್ಟೆ. ಮಸಿ ಹಿಡಿದ ಅಟ್ಟ, ಕೊಟ್ಟಿಗೆ ಕಡೆಯ ಬಾಗಿಲು, ಅಡಿಗೆ ಕೋಣೆಯ ಒಲೆ, ಕಡೆಯುವ ಕಲ್ಲಿನ ಪಕ್ಕ ಕೂತ ಅಜ್ಜಿ. ಮೂವತ್ತಾರು ಚಿತ್ರ. ಮೇ ತಿಂಗಳಲ್ಲಿ ಮನೆ ಇರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದಾಗ ಇಲ್ಲಿ ನೀರಿನ ಕತೆ ನಿಮಗೆ ನೆನಪಿರಬಹುದು. ಬೋರ್ ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ ಬೇಸಿಗೆ. ನಮ್ಮ ಅಪಾರ್ಟ್ ಮೆಂಟಿಗೆ ಟ್ಯಾಂಕರ್ ನೀರು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಮಾಳಿಗೆ ಮೇಲಿನ ಸಿಂಟೆಕ್ಸಲ್ಲಿ ಕಾದ ನೀರು ನಲ್ಲಿಯಿಂದ ಬರುವಾಗ ಕೈಗೆ ಬೆಚ್ಚಗೆ. ಐಸ್ ಹಾಕಿ ಹಾಕಿ 26 ಡಿಗ್ರಿಗೆ ತಂದೆ, ಅದಕ್ಕಿಂತ ಇಳಿಸೋಕೆ ತಾಳ್ಮೆ ಇರಲಿಲ್ಲ. ಡಿ-76ನ್ನ ನೀರು ಬೆರೆಸದೆ ಗಟ್ಟಿಯಾಗೇ ಹೊಯ್ದೆ. ಆ ಬಿಸಿಗೆ ನಾಲ್ಕು ನಿಮಿಷ ಲೆಕ್ಕ ಬಂತು. ಮುಗಿದ ಮೇಲೆ ಮೂರು ಸಲದ ಬದಲು ಒಂದೇ ಸಲ ನೀರು, ಅದೂ ಅರ್ಧ ಟ್ಯಾಂಕು. ಬಕೆಟ್ಟಲ್ಲಿ ಇದ್ದದ್ದೇ ಅಷ್ಟು. ಫಿಕ್ಸರ್ ಬಾಟಲಿ ಎಷ್ಟು ರೋಲು ಕಂಡಿತ್ತೋ ಲೆಕ್ಕ ಇಟ್ಟಿರಲಿಲ್ಲ.

ತೊಳೆದು ಒಣಗೋಕೆ ನೇತು ಹಾಕಿ ನೋಡ್ತೀನಿ, ಫಿಲ್ಮಿನ ಮೇಲೆ ಏನೋ ಪೊರೆ. ಒಂದು ಕಡೆಯಿಂದ ನೋಡಿದ್ರೆ ಹಸಿರು-ಹಳದಿ ಮಿಂಚು, ಬೆಳಕಿಗೆ ಎದುರು ಹಿಡಿದ್ರೆ ಕೆಂಪು ಛಾಯೆ. ಇದಕ್ಕೆ ಡೈಕ್ರೋಯಿಕ್ ಫಾಗ್ ಅಂತ ಹೆಸರು ಅಂತ ಓದಿ ಗೊತ್ತಿತ್ತು, ಕಣ್ಣಾರೆ ನೋಡಿದ್ದು ಅವತ್ತೇ. ಫಿಲ್ಮಿನ ಜೊತೆ ಡೆವಲಪರ್ ಫಿಕ್ಸರಿಗೆ ಹೋಗಿ, ಫಿಕ್ಸರಲ್ಲಿ ಅದನ್ನ ಕೊಲ್ಲೋವಷ್ಟು ಹುಳಿ ಉಳಿದಿರದಿದ್ರೆ ಎರಡೂ ಒಟ್ಟಿಗೇ ಕೆಲಸ ಮಾಡ್ತವೆ. ಫಿಕ್ಸರ್ ಬೆಳ್ಳಿ ಲವಣ ಕರಗಿಸುತ್ತೆ, ಡೆವಲಪರ್ ಆ ಕರಗಿದ್ದನ್ನೇ ಮತ್ತೆ ಬೆಳ್ಳಿ ಮಾಡಿ ಎಲ್ಲೆಂದರಲ್ಲಿ ಕೂರಿಸುತ್ತೆ. ಅತಿ ಸಣ್ಣ ಬೆಳ್ಳಿ ಕಣ, ಅದಕ್ಕೇ ಆ ಬಣ್ಣ.

ಸ್ಕ್ಯಾನ್ ಮಾಡಿ ಬಣ್ಣ ತೆಗೆದು ಅಷ್ಟಿಷ್ಟು ಉಳಿಸಿದೆ. ಅಜ್ಜಿಗೆ ತೋರಿಸಿದಾಗ ಒಲೆಯ ಚಿತ್ರ ಹತ್ತಿರ ಹಿಡಿದು ನೋಡಿ "ಅವತ್ತು ಇಷ್ಟು ಹೊಗೆ ಇತ್ತಾ?" ಅಂದ್ರು. ನಾನು ಹೂಂ ಅಂದೆ.

ಒಂದು ವಾರ ಬಿಸಿಲನ್ನ ಬೈದೆ, ಟ್ಯಾಂಕರನ್ನ ಬೈದೆ. ಆಮೇಲೆ ಸ್ಟುಡಿಯೋ ಅಣ್ಣಂಗೆ ಫೋನ್ ಮಾಡಿದೆ. ಈಗ ಅಡಿಕೆ ತೋಟ ನೋಡ್ಕೊಂಡಿದ್ದಾರೆ. ನಾನು ಪೂರ್ತಿ ಕತೆ ಹೇಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಹೈಪೋ ಎಷ್ಟು ಹಳತು?" ಎರಡನೇದು: "ನೀರು ಎಷ್ಟು ತಂಪಿತ್ತು?" ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ವಾರಕ್ಕೊಮ್ಮೆ ಹೊಸ ಹೈಪೋ ಕಲಸ್ತಿದ್ದೆ, ಮೆಟಾಬೈಸಲ್ಫೈಟ್ ಹಾಕಿ. ನೀನದನ್ನ ನೋಡಲೇ ಇಲ್ವಾ ಮಾರಾಯ?" ಅಂದ್ರು.

ನೋಡಿರಲಿಲ್ಲ. ನೋಡಿದ್ದು ಬಾವಿ ಮಾತ್ರ. ಅವರ 'ನೀರು ಸಾಕು' ಅನ್ನೋದರ ಹಿಂದೆ ಏಪ್ರಿಲ್ಲಲ್ಲೂ ಕೈಗೆ ತಣ್ಣಗೆ ತಾಗೋ ಬಾವಿ ಇತ್ತು, ಬೇಕಾದಷ್ಟು ಸಲ ಬದಲಿಸೋವಷ್ಟು ನೀರಿತ್ತು, ಹುಳಿಯಿದ್ದ ತಾಜಾ ಹೈಪೋ ಇತ್ತು. ಅಂದ್ರೆ ಅವರಲ್ಲೂ ಡೆವಲಪರನ್ನ ನಿಲ್ಲಿಸ್ತಾ ಇದ್ದದ್ದು ಹುಳಿಯೇ. ಅದು ಸ್ಟಾಪ್ ಬಾತಿನ ಬದಲು ಫಿಕ್ಸರಲ್ಲಿತ್ತು, ಅಷ್ಟೇ. ಕರಾವಳಿ ಕಡೆಯ ಮುರಕಲ್ಲಿನ ಬಾವಿ ನೀರೇ ಮೆದು, ಸ್ವಲ್ಪ ಹುಳಿ ಕಡೆಗೇ ವಾಲಿರುತ್ತೆ. ಅಷ್ಟರಿಂದಲೇ ಡೆವಲಪರ್ ನಿಲ್ಲುತ್ತೆ ಅಂತಲ್ಲ, ಆದ್ರೆ ಅದು ಎದುರು ಪಕ್ಷ ಅಂತೂ ಅಲ್ಲ. ನಮ್ಮ ಬೆಂಗಳೂರಿನ ಬೋರ್ ನೀರು ಪಾತ್ರೆಗೆ ಬಿಳಿ ಪದರ ಕಟ್ಟೋ ಗಡಸು ನೀರು. ಬೈಕಾರ್ಬೊನೇಟ್ ತುಂಬಿಕೊಂಡು ಹುಳಿಗೆ ವಿರುದ್ಧ ನಿಲ್ಲೋ ಜಾತಿ.

ಆಮೇಲೆ ಕೂತು ಒಂದು ಸಣ್ಣ ಲೆಕ್ಕ ಹಾಕಿದೆ. ಹತ್ತು ವರ್ಷ ಮೊದಲೇ ಹಾಕಬಹುದಿತ್ತು. ನೀರು ಹೊಯ್ದ ಮೇಲೂ ಪದರದ ಒಳಗೆ ಹದಿನೈದು ಸೆಕೆಂಡಿನಷ್ಟು ಕೆಲಸ ನಡೀತು ಅಂತ ಇಟ್ಕೊಳ್ಳಿ. 11 ನಿಮಿಷದ ಡೆವಲಪಿಂಗಲ್ಲಿ ಅದು ಶೇಕಡಾ 2ಕ್ಕೆ ಸ್ವಲ್ಪ ಜಾಸ್ತಿ, ಯಾರ ಕಣ್ಣಿಗೂ ಕಾಣಲ್ಲ. 4 ನಿಮಿಷದಲ್ಲಿ ಶೇಕಡಾ 6. ಪ್ರತಿ ಸಲ ಒಂದೇ ಥರ ಮಾಡಿದ್ರೆ ಅದನ್ನೂ ಲೆಕ್ಕಕ್ಕೆ ಹಿಡಿದು ಸಮಯ ಕಡಿಮೆ ಮಾಡ್ಕೋಬಹುದು, ನಿಜ. ಆದ್ರೆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಎರಡು ದಿನ ಒಂದೇ ಥರ ಇರೋದು ಯಾವುದು? ನೀರಿನ ಬಿಸಿ ಬೇರೆ, ಸಿಗೋ ಅಳತೆ ಬೇರೆ. ಇಲ್ಫರ್ಡಿನವರು ಸ್ಟಾಪ್ ಬಾತ್ ಬಳಸಿ ಅಂತ ಹೇಳೋದೂ ಇದಕ್ಕೇ. ಕೆಲಸ ತಕ್ಷಣ ನಿಲ್ಲುತ್ತೆ, ಡೆವಲಪರ್ ಫಿಕ್ಸರಿಗೆ ಹೋಗಿ ಸೇರೋದು ಕಡಿಮೆ ಆಗಿ ಫಿಕ್ಸರ್ ಜಾಸ್ತಿ ದಿನ ಬಾಳುತ್ತೆ. ಈ ಸಾಲನ್ನ ನಾನು ಹತ್ತಾರು ಸಲ ಓದಿದ್ದೆ, 'ಬಾಟಲಿ ಮಾರೋಕೆ ಹೇಳ್ತಾರೆ' ಅಂತ ನಕ್ಕಿದ್ದೆ.

ಸೂಜಿ ತೂತಿನ ವಿಷಯ? ಅದನ್ನೂ ಪರೀಕ್ಷೆ ಮಾಡಿದೆ. ಎದುರು ಮನೆಯ ಬೂದು ಗೋಡೆಯನ್ನೇ ಒಂದು ರೋಲು ಪೂರ್ತಿ ತೆಗೆದು, ಕತ್ತಲಲ್ಲಿ ಎರಡು ತುಂಡು ಮಾಡಿ, ಒಂದಕ್ಕೆ ನೀರು, ಒಂದಕ್ಕೆ ಹುಳಿ. ಬೇಕಂತಲೇ ಕಾರ್ಬೊನೇಟ್ ಇರೋ ಡೆವಲಪರ್ ಬಳಸಿದೆ. (ಡಿ-76ರಲ್ಲಿ ಕಾರ್ಬೊನೇಟೇ ಇಲ್ಲ, ಅದರಲ್ಲಿರೋದು ಬೋರಾಕ್ಸ್. ಆ ಡೆವಲಪರ್ ಬಳಸ್ಕೊಂಡು ನಾನು ಗುಳ್ಳೆ ಗುಳ್ಳೆ ಅಂತ ಹೆದರಿಸ್ತಿದ್ದೆ ನೋಡಿ!) ಭೂತಗನ್ನಡಿ ಹಿಡಿದು ಅರ್ಧ ಗಂಟೆ ಹುಡುಕಿದೆ. ಒಂದು ತೂತೂ ಸಿಗಲಿಲ್ಲ. ಆ ಹೆದರಿಕೆ ಜಿಲೆಟಿನ್ ಮೆತ್ತಗಿದ್ದ ಹಳೇ ಫಿಲ್ಮುಗಳ ಕಾಲದ್ದು, ಹುಳಿ ಅತಿಯಾದಾಗಿನದ್ದು. ಈಗಿನ ದೊಡ್ಡ ಕಂಪೆನಿಗಳ ಫಿಲ್ಮುಗಳ ಪದರ ಕಾರ್ಖಾನೆಯಲ್ಲೇ ಗಟ್ಟಿ ಮಾಡಿ ಬಂದಿರುತ್ತೆ. ಹಿಂದೆ ನಮ್ಮಂಥ ಸೆಖೆ ದೇಶಗಳಲ್ಲಿ ಪದರ ಕರಗಿ ಜಾರದ ಹಾಗೆ ಸ್ಟಾಪ್ ಬಾತಿಗೇ ಕ್ರೋಮ್ ಅಲಂ ಹಾಕ್ತಿದ್ರು, ಕೊಡಕ್ಕಿನ ಎಸ್.ಬಿ-4 ಅಂಥದ್ದೇ ಸೂತ್ರ. ಈಗ ಅದರ ಗೋಜೂ ಬೇಡ, ಮನೆ ಚರಂಡಿಗೆ ಕ್ರೋಮಿಯಂ ಬಿಡೋ ಪಾಪವೂ ಬೇಡ.

ಇನ್ನೊಂದು ಅಂಜಿಕೆ ನನಗೇ ಇತ್ತು, ಹುಳಿ ಫಿಕ್ಸರಿಗೆ ಸೇರಿದ್ರೆ ಫಿಕ್ಸರ್ ಹಾಳಾಗಲ್ವಾ ಅಂತ. ಪಿಯುಸಿ ಲ್ಯಾಬಲ್ಲಿ ಹೈಪೋ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಅದು ಹಾಲಿನ ಹಾಗಾಗಿ ಕೆಳಗಿನ ಕಾಗದದ ಮೇಲಿನ ಕಾಟು ಗುರುತು ಮರೆಯಾಗೋವರೆಗೆ ಗಡಿಯಾರ ನೋಡ್ತಿದ್ವಲ್ಲ, ಅದು. ಬೇರ್ಪಡೋದು ಗಂಧಕ. ಬರೀ ಹೈಪೋ ಆದ್ರೆ ಹಾಗಾಗುತ್ತೆ. ಅಂಗಡಿಯಲ್ಲಿ ಸಿಗೋ ಫಿಕ್ಸರಲ್ಲಿ ಸಲ್ಫೈಟ್ ಇರುತ್ತೆ, ಅಣ್ಣ ಹಾಕ್ತಿದ್ದ ಮೆಟಾಬೈಸಲ್ಫೈಟ್ ಮಾಡ್ತಿದ್ದದ್ದೂ ಅದನ್ನೇ. ಒಂದು ಟ್ಯಾಂಕಿನ ಗೋಡೆಗೆ ಅಂಟಿದ ಹುಳಿಗೆಲ್ಲ ಅದು ಜಗ್ಗಲ್ಲ.

ಹಾಗಾದ್ರೆ ಯಾವ ಹುಳಿ? ಇಲ್ಲಿ ನಾನು ಗಟ್ಟಿಯಾಗಿ ಹೇಳ್ತೀನಿ: ದಿನಸಿ ಅಂಗಡಿಯ ನಿಂಬೆ ಉಪ್ಪು. ಸಿಟ್ರಿಕ್ ಆಸಿಡ್ಡೇ ಅದು. ಇಲ್ಫೋಸ್ಟಾಪ್ ಅಂತ ಬಾಟಲಿಯಲ್ಲಿ ಬರೋದರ ಒಳಗೂ ಅದೇ, ಜೊತೆಗೆ ಸತ್ವ ಮುಗಿದಾಗ ಹಳದಿಯಿಂದ ನೇರಳೆಗೆ ತಿರುಗೋ ಬಣ್ಣ. ಲೀಟರಿಗೆ 15 ಗ್ರಾಂ ಲೆಕ್ಕ. ನನ್ನ ಪ್ಯಾಟರ್ಸನ್ ಟ್ಯಾಂಕಿಗೆ ಒಂದು ರೋಲಿಗೆ 290 ಮಿಲಿಲೀಟರ್ ಬೇಕು, ಅಂದ್ರೆ ಹೆಚ್ಚು ಕಡಿಮೆ ಒಂದು ಟೀ ಚಮಚ ಪುಡಿ. ಗಡಸು ನೀರಿಗೆ ಒಂದಿಷ್ಟು ಹುಳಿ ಬಲಿಯಾದ್ರೂ ಸಾಕಾಗುತ್ತೆ. ವಾಸನೆ ಇಲ್ಲ. ಮುಖ್ಯ ಅಂದ್ರೆ ಡೆವಲಪರಿನ ಬಿಸಿಯಲ್ಲೇ ಇರಬೇಕು. ಡೆವಲಪರ್ 26 ಇದ್ದು ಸ್ಟಾಪ್ ಬಾತು ಫ್ರಿಜ್ಜಿಂದ ತೆಗೆದ ನೀರಾದ್ರೆ ಪದರ ಸುಕ್ಕುಗಟ್ಟೋ ಅಪಾಯ. ಕಲಸಿಟ್ಟದ್ದನ್ನ ತಿಂಗಳುಗಟ್ಟಲೆ ಇಡಬೇಡಿ, ಬೂಷ್ಟು ಹಿಡಿಯುತ್ತೆ. ವಿನೆಗರೇ ಬೇಕಂದ್ರೆ ಶೇಕಡಾ 4ರ ಬಿಳಿ ವಿನೆಗರಿಗೆ ಎರಡು ಪಾಲು ನೀರು. ಮಂಚೂರಿ ವಾಸನೆ ನಿಮ್ಮ ಜವಾಬ್ದಾರಿ.

ಊರಲ್ಲಿ ನಮ್ಮ ಮಾವ ಒಬ್ಬರು "ರಬ್ಬರ್ ಹಾಲು ಹೆಪ್ಪು ಹಾಕೋ ಆಸಿಡ್ ಇದೆ, ಒಂದು ಬಾಟಲಿ ಕೊಂಡೋಗು" ಅಂತ ಧಾರಾಳವಾಗಿ ಹೇಳಿದ್ರು. ಅದು ಫಾರ್ಮಿಕ್ ಆಸಿಡ್. ಕೈಗೆ ಬಿದ್ರೆ ಬೊಬ್ಬೆ ಏಳುತ್ತೆ. ಬೇಡ ಮಾವ ಅಂದೆ.

ನೀರಿನ ಪಂಗಡದವರು ಕಲ್ಲು ಹೊಡೆಯೋ ಮೊದಲು ಇದನ್ನೂ ಹೇಳಿಬಿಡ್ತೀನಿ. ಫಿಕ್ಸರ್ ಹೊಸತಿದ್ದು, ಡೆವಲಪಿಂಗ್ ಎಂಟು ಹತ್ತು ನಿಮಿಷಕ್ಕೆ ಮೇಲಿದ್ರೆ ನೀರು ಈಗಲೂ ಸಾಕು. ನನ್ನ ಹತ್ತು ವರ್ಷದ ಫಿಲ್ಮುಗಳೇ ಸಾಕ್ಷಿ. ರೋಡಿನಾಲನ್ನ ನೂರು ಪಾಲು ನೀರಿಗೆ ಬೆರೆಸಿ ಒಂದು ಗಂಟೆ ಅಲುಗಿಸದೆ ಬಿಡೋರಿಗೆ ಹದಿನೈದು ಸೆಕೆಂಡು ಯಾವ ಲೆಕ್ಕ? ಟಿ.ಎಫ್-4 ಥರದ ಕ್ಷಾರದ ಫಿಕ್ಸರ್ ಬಳಸೋರು ಹುಳಿ ಹಾಕಲೇಬಾರದು, ನೀರೇ ಸರಿ. ಪೇಪರ್ ಪ್ರಿಂಟಿಗೆ ಮಾತ್ರ ಚರ್ಚೆಯೇ ಇಲ್ಲ, ಹುಳಿ ಬೇಕು. ನನ್ನ ತಕರಾರಿರೋದು 'ಯಾವಾಗಲೂ ನೀರು ಸಾಕು' ಅನ್ನೋದರ ಮೇಲೆ. ನಮ್ಮ ಏಪ್ರಿಲ್ಲಿನ ನಲ್ಲಿ ನೀರಲ್ಲಿ, ನಾಲ್ಕೈದು ನಿಮಿಷದ ಡೆವಲಪಿಂಗಲ್ಲಿ, ಮತ್ತೆ ಮತ್ತೆ ಬಳಸೋ ಫಿಕ್ಸರಲ್ಲಿ ಅದು ಸಾಕಾಗಲ್ಲ. ಸಾವಿರ ರೂಪಾಯಿಯ ಆಸುಪಾಸಿನ ಫಿಲ್ಮಿಗೆ ಚಮಚ ನಿಂಬೆ ಉಪ್ಪು ಉಳಿಸೋದು ಲಾಭ ಅಲ್ಲ.

ಹುಳಿ ಬಳಸಿದ್ರೆ ನೀರು ಉಳಿಯುತ್ತೆ ಅಂತಲೂ ಕೆಲವರು ಹೇಳ್ತಾರೆ. ಉಳಿಯುತ್ತೆ, ಆದ್ರೆ ಎಷ್ಟು? ಮೂರು ಟ್ಯಾಂಕು ಅಂದ್ರೆ ಲೀಟರೂ ಆಗಲ್ಲ. ನಿಜವಾಗಿ ನೀರು ಹೋಗೋದು ಕೊನೆಯ ತೊಳೆಯೋದರಲ್ಲಿ, ನಲ್ಲಿ ತೆರೆದಿಟ್ಟು ಇಪ್ಪತ್ತು ನಿಮಿಷ ಬಿಟ್ರೆ. ಅದಕ್ಕೆ ಇಲ್ಫರ್ಡಿನವರದ್ದೇ ಉಪಾಯ ಇದೆ: ಟ್ಯಾಂಕು ತುಂಬಿಸಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿಸಿ ಹತ್ತು ಸಲ, ಮತ್ತೆ ತುಂಬಿಸಿ ಇಪ್ಪತ್ತು ಸಲ. ಗಟ್ಟಿ ಮಾಡೋ ರಾಸಾಯನಿಕ ಇಲ್ಲದ ಫಿಕ್ಸರ್ ಆದ್ರೆ ಅಷ್ಟೇ ಸಾಕು. ನೀರು ಉಳಿಸ್ಬೇಕಿದ್ದದ್ದು ನಾನು ಅಲ್ಲಿ. ಉಳಿಸಿದ್ದು ಸ್ಟಾಪ್ ಬಾತಲ್ಲಿ.

ಈಗ ಫಿಕ್ಸರ್ ಬಾಟಲಿ ಮೇಲೆ ಒಂದು ಚೀಟಿ ಅಂಟಿಸಿದ್ದೀನಿ, ಪ್ರತಿ ರೋಲಿಗೆ ಒಂದು ಗೀಟು. ನಿಂಬೆ ಉಪ್ಪಿನ ಡಬ್ಬಿಗೆ ನನ್ನಾಕೆ ದಪ್ಪ ಅಕ್ಷರದಲ್ಲಿ 'ಫೋಟೋದ್ದು, ಸಾರಿಗೆ ಹಾಕಬೇಡಿ' ಅಂತ ಬರೆದಿಟ್ಟಿದ್ದಾಳೆ.

ನಿಮ್ಮಲ್ಲಿ ಯಾರಾದ್ರೂ ಕಾಫಿ ಪುಡಿ, ವಾಷಿಂಗ್ ಸೋಡಾ ಹಾಕಿ ಫಿಲ್ಮ್ ತೊಳೆಯೋರು ಇದ್ರೆ ಒಂದು ಮಾತು ತಿಳಿಸಿ. ಅದರಲ್ಲಿ ಕಾರ್ಬೊನೇಟ್ ಭರ್ತಿ ಇರುತ್ತೆ, ಹುಳಿ ಹೊಯ್ದ ಕೂಡಲೇ ಬುಸ್ಸನೆ ನೊರೆ ಬರುತ್ತಲ್ಲ, ಮೊದಲು ಒಂದು ನೀರು ಹಾಕಿ ಆಮೇಲೆ ಹುಳಿ ಹಾಕ್ತೀರೋ, ಹಾಗೇನೋ? ಮುಂದಿನ ಭಾನುವಾರ ಮಾಡಿ ನೋಡೋಣ ಅಂತಿದ್ದೀನಿ. ಈ ಸಲ ಎದುರು ಮನೆ ಗೋಡೆಯನ್ನೇ ತೆಗೀತೀನಿ, ಹಾಳಾದ್ರೂ ಅದು ಅಲ್ಲೇ ಇರುತ್ತೆ.